ಬರ್ಡ್ ಹೋದರೂ ಬಿಡದ ಬರ್ಡ್ ನಿಯಮ

2025ರ ಅಕ್ಟೋಬರ್ 1ರಂದು ಅನುದಾನವಿಲ್ಲದೆ ಅಮೆರಿಕದ ಕೇಂದ್ರ ಸರ್ಕಾರದ ಹಲವು ಕೆಲಸಗಳು ನಿಂತುಹೋದವು. ಮತ್ತೆ ಚಾಲನೆ ಸಿಕ್ಕಿದ್ದು ನವೆಂಬರ್ 12ರ ರಾತ್ರಿ, 43 ದಿನಗಳ ನಂತರ. ಅಧ್ಯಕ್ಷರು ರಿಪಬ್ಲಿಕನ್, ಎರಡೂ ಸದನಗಳಲ್ಲಿ ಅದೇ ಪಕ್ಷದ ಬಹುಮತ, ಸೆನೆಟ್‌ನ ನೂರು ಸ್ಥಾನಗಳಲ್ಲಿ 53 ಅವರವೇ. ಆದರೂ ನೌಕರರ ಸಂಬಳ ಬಟವಾಡೆಗೆ ಬೇಕಾದ ಒಂದು ಮಸೂದೆ ಪಾಸಾಗಲು ಒಂದೂವರೆ ತಿಂಗಳು ಹಿಡಿಯಿತು. ಗದ್ದಲದ ನಡುವೆಯೇ ಧ್ವನಿಮತಕ್ಕೆ ಹಾಕಿ ಹತ್ತು ನಿಮಿಷದಲ್ಲಿ ಮಸೂದೆ ಅಂಗೀಕಾರವಾಗುವುದನ್ನು ನಮ್ಮ ಸದನಗಳಲ್ಲಿ ನೋಡಿದವರಿಗೆ ಇದೊಂದು ಒಗಟು. ಟ್ರಂಪ್ ಅವರಿಗಂತೂ ಸಹಿಸಲಾಗದ ಒಗಟು. ಚರ್ಚೆ ಮುಗಿಸಲು ಬೇಕಾದ 60 ಮತ ಸಿಗದಂತೆ ಮಾಡಿ ಅಲ್ಪಮತದವರು ಮಸೂದೆಯನ್ನು ತಡೆಯುವ, ಫಿಲಿಬಸ್ಟರ್ ಎಂಬ ಪದ್ಧತಿಯನ್ನೇ ಕಿತ್ತುಹಾಕಿ ಎಂದು ತಮ್ಮ ಪಕ್ಷದ ಸೆನೆಟರುಗಳ ಮೇಲೆ ಅವರು ಮತ್ತೆ ಮತ್ತೆ ಒತ್ತಡ ತಂದರು. ಬಹುಮತದ ನಾಯಕ ಜಾನ್ ಥೂನ್ ಜಗ್ಗಲಿಲ್ಲ.

ಈ ಒಗಟನ್ನು ಬಿಡಿಸಲು ಸಂವಿಧಾನದ ಪುಸ್ತಕ ತೆರೆದರೆ ಪ್ರಯೋಜನವಿಲ್ಲ. ಸಾಮಾನ್ಯ ಮಸೂದೆಗೆ 60 ಮತ ಬೇಕೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಸೆನೆಟ್ ತನಗೆ ತಾನೇ ಹಾಕಿಕೊಂಡ ಕಟ್ಟು. ಆ ಕಟ್ಟಿನ ಒಂದೊಂದು ಗಂಟನ್ನೂ ಕೈಯಾರೆ ಬಲ್ಲವರೊಬ್ಬರಿದ್ದರು. ಕೆಲವು ಗಂಟುಗಳನ್ನು ಹಾಕಿದವರೂ ಅವರೇ, ಕೆಲವನ್ನು ಸಡಿಲಿಸಿದವರೂ ಅವರೇ. ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್. 1959ರ ಜನವರಿಯಲ್ಲಿ ಸೆನೆಟ್ ಹೊಕ್ಕು, 2010ರ ಜೂನ್ 28ರಂದು 92ನೇ ವಯಸ್ಸಿನಲ್ಲಿ ಸೆನೆಟರ್ ಆಗಿಯೇ ತೀರಿಕೊಂಡರು. 51 ವರ್ಷ, ಐದು ತಿಂಗಳು, ಚಿಲ್ಲರೆ ದಿನಗಳು. ಅಮೆರಿಕದ ಇತಿಹಾಸದಲ್ಲಿ ಅಷ್ಟು ಕಾಲ ಆ ಸದನದಲ್ಲಿ ಕುಳಿತವರು ಇನ್ನೊಬ್ಬರಿಲ್ಲ. 18,000ಕ್ಕೂ ಹೆಚ್ಚು ಬಾರಿ ಅವರು ಮತ ಹಾಕಿದರು.

ಬರ್ಡ್ ಎಂಬುದು ಅವರ ಹುಟ್ಟು ಹೆಸರಲ್ಲ. 1917ರಲ್ಲಿ ನಾರ್ತ್ ಕ್ಯಾರೊಲಿನಾದ ನಾರ್ತ್ ವಿಲ್ಕ್ಸ್‌ಬರೊದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಕಾರ್ನೆಲಿಯಸ್ ಕ್ಯಾಲ್ವಿನ್ ಸೇಲ್. ಒಂದು ವರ್ಷ ತುಂಬುವ ಮೊದಲೇ, 1918ರ ಮಹಾಮಾರಿ ಜ್ವರಕ್ಕೆ ತಾಯಿ ಬಲಿಯಾದರು. ಕೂಸನ್ನು ಸೋದರತ್ತೆ ಮತ್ತು ಅವರ ಗಂಡ ಸಾಕಲು ತೆಗೆದುಕೊಂಡು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲ ಸೀಮೆಗೆ ಹೊರಟರು. ಸಾಕುತಂದೆ ಟೈಟಸ್ ಬರ್ಡ್ ಗಣಿ ಕಾರ್ಮಿಕ. ಕಂಪನಿಯದೇ ಮನೆ, ಕಂಪನಿಯದೇ ಅಂಗಡಿ, ಅಲ್ಲಿಯೇ ಸಾಲ, ಅಲ್ಲಿಯೇ ತೀರುವಳಿ ಎಂಬಂಥ ಊರುಗಳವು. ಹುಡುಗ ಶಾಲೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದ, ಕಾಲೇಜಿಗೆ ಹಣವಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ದುಡಿದ, ಮಾಂಸದಂಗಡಿಯಲ್ಲಿ ಕತ್ತಿ ಹಿಡಿದ, ಯುದ್ಧಕಾಲದಲ್ಲಿ ಹಡಗುಕಟ್ಟೆಗಳಲ್ಲಿ ವೆಲ್ಡರ್ ಆದ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ. 1946ರಲ್ಲಿ ರಾಜ್ಯದ ಕೆಳಮನೆಗೆ ಸ್ಪರ್ಧಿಸಿದಾಗ ಭಾಷಣಕ್ಕಿಂತ ಆ ಪಿಟೀಲೇ ಹೆಚ್ಚು ಜನರನ್ನು ಕೂಡಿಸಿತು.

ಇಷ್ಟಕ್ಕೇ ನಿಲ್ಲಿಸಿದರೆ ಬಡತನದಿಂದ ಮೇಲೆದ್ದವರ ಹೃದಯಸ್ಪರ್ಶಿ ಕಥೆಯಾಗುತ್ತಿತ್ತು. ಆದರೆ ಚುನಾವಣೆಗೆ ಇಳಿಯುವ ಮೊದಲು, 1940ರ ದಶಕದ ಆರಂಭದಲ್ಲಿ, ಈ ಪಿಟೀಲಿನ ಯುವಕ ತನ್ನ ಊರಿನ ಸುತ್ತಮುತ್ತ ನೂರೈವತ್ತು ಜನರನ್ನು ಸೇರಿಸಿ ಕು ಕ್ಲಕ್ಸ್ ಕ್ಲಾನ್‌ನ ಶಾಖೆಯೊಂದನ್ನು ಕಟ್ಟಿದ್ದರು. ಕರಿಯರನ್ನು ಹೊಡೆದು ಬೆದರಿಸಿ ಕೊಂದ ಚರಿತ್ರೆಯ ಸಂಘಟನೆ ಅದು. ಶಾಖೆಯ ಮುಖಂಡರಾಗಿ ಅವರನ್ನೇ ಆರಿಸಲಾಯಿತು. ನಿನ್ನಲ್ಲಿ ನಾಯಕತ್ವದ ಗುಣವಿದೆ, ರಾಜಕೀಯಕ್ಕೆ ಹೋಗು ಎಂದು ಅವರಿಗೆ ಮೊದಲು ಹೇಳಿದವರು ಕ್ಲಾನ್‌ನ ಒಬ್ಬ ಹಿರಿಯ ಪದಾಧಿಕಾರಿ. ಇದನ್ನು ಬರ್ಡ್ ತಾವೇ ನೆನಪಿಸಿಕೊಂಡಿದ್ದಾರೆ. ಕರಿಯ ಸೈನಿಕನ ಪಕ್ಕದಲ್ಲಿ ನಿಂತು ತಾವೆಂದಿಗೂ ಯುದ್ಧ ಮಾಡುವುದಿಲ್ಲವೆಂದು ಮಿಸಿಸಿಪಿಯ ಕಡು ಜನಾಂಗದ್ವೇಷಿ ಸೆನೆಟರ್ ಥಿಯೊಡೋರ್ ಬಿಲ್ಬೊ ಅವರಿಗೆ ಪತ್ರ ಬರೆದರು. 1952ರಲ್ಲಿ ಸಂಸತ್ತಿಗೆ ಸ್ಪರ್ಧಿಸಿದಾಗ ಹಳೆಯ ನಂಟು ಬಯಲಿಗೆ ಬಂತು. ಒಂದು ವರ್ಷ ಇದ್ದೆ, ಆಮೇಲೆ ಆಸಕ್ತಿ ಹೋಯಿತು ಎಂದರು. ಕ್ಲಾನ್ ನಮ್ಮ ರಾಜ್ಯದಲ್ಲಿ ಮತ್ತೆ ಹುಟ್ಟಿಬರಬೇಕೆಂದು ಅವರು 1946ರಲ್ಲಿ ಬರೆದಿದ್ದ ಪತ್ರವೂ ಆಗಲೇ ಹೊರಬಿತ್ತು. ಜನ ಆದರೂ ಗೆಲ್ಲಿಸಿದರು. ಆರು ವರ್ಷಗಳ ಬಳಿಕ, 1958ರಲ್ಲಿ, ಸೆನೆಟ್‌ಗೂ ಗೆಲ್ಲಿಸಿದರು. ಅಲ್ಲಿಂದಾಚೆ ಒಂದು ಚುನಾವಣೆಯನ್ನೂ ಅವರು ಸೋಲಲಿಲ್ಲ.

ಇಲ್ಲಿ ಸೆನೆಟ್‌ನ ಒಂದು ವಿಚಿತ್ರವನ್ನು ಹೇಳಲೇಬೇಕು. ಚರ್ಚೆ ಸಾಕು, ಮತಕ್ಕೆ ಹಾಕಿ ಎಂದು ಸರಳ ಬಹುಮತದಿಂದ ತೀರ್ಮಾನಿಸುವ ದಾರಿಯನ್ನು ಆ ಸದನ 1806ರಲ್ಲಿಯೇ ತನ್ನ ನಿಯಮಾವಳಿಯಿಂದ ಬಿಟ್ಟಿತು. ಉಪಯೋಗಕ್ಕೆ ಬಾರದ ನಿಯಮವೆಂದು ತೆಗೆದದ್ದು. ಮುಂದೇನಾಗಬಹುದೆಂದು ಯಾರೂ ಯೋಚಿಸಿದಂತಿಲ್ಲ. ಮಾತಾಡುತ್ತಲೇ ಇದ್ದರೆ ಮಸೂದೆಯನ್ನು ಸಾಯಿಸಬಹುದೆಂದು ಮುಂದಿನ ತಲೆಮಾರು ಕಂಡುಕೊಂಡಿತು. ಬರ್ಡ್ ಹುಟ್ಟಿದ 1917ರಲ್ಲಿಯೇ ಇದಕ್ಕೊಂದು ಕಡಿವಾಣ ಬಂತು. ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ಚರ್ಚೆ ನಿಲ್ಲಿಸಬಹುದು ಎಂಬ ನಿಯಮವದು. ಈ ಮಾತಿನ ಕೋಟೆಯನ್ನು ದಕ್ಷಿಣದ ರಾಜ್ಯಗಳ ಸೆನೆಟರುಗಳಷ್ಟು ಜತನದಿಂದ ಕಾಯ್ದುಕೊಂಡವರಿಲ್ಲ. ಕರಿಯರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ಕಾನೂನಿರಲಿ, ಮತದಾನದ ಹಕ್ಕಿನ ಕಾನೂನಿರಲಿ, ದಶಕಗಳ ಕಾಲ ಆ ಗೋಡೆಗೆ ಬಡಿದು ಬೀಳುತ್ತಿದ್ದವು.

1964ರ ಜೂನ್ 9ರ ಸಂಜೆ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಮಾತಾಡಲು ಬರ್ಡ್ ಎದ್ದು ನಿಂತರು. ಕುಳಿತದ್ದು ಮರುದಿನ ಬೆಳಿಗ್ಗೆ, 14 ಗಂಟೆ 13 ನಿಮಿಷಗಳ ನಂತರ. ಮಾತು ಮುಗಿದ ಸ್ವಲ್ಪ ಹೊತ್ತಿಗೇ, ಚರ್ಚೆ ನಿಲ್ಲಿಸಬೇಕೆಂಬ ಗೊತ್ತುವಳಿ 71–29ರಿಂದ ಗೆದ್ದಿತು. ನಾಗರಿಕ ಹಕ್ಕುಗಳ ಮಸೂದೆಯೊಂದರ ವಿಷಯದಲ್ಲಿ ಹಾಗಾದದ್ದು ಅದೇ ಮೊದಲು. ಆ ದಿನ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ಕರೆತಂದರು. ಮೆದುಳಿನ ಗಡ್ಡೆಯಿಂದ ಅವರಿಗೆ ಮಾತು ನಿಂತಿತ್ತು. ಹೆಸರು ಕರೆದಾಗ ಕೈಯನ್ನು ಮೆಲ್ಲಗೆ ಎತ್ತಿ ಕಣ್ಣನ್ನು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣಿಗೂ ಒಪ್ಪಿಗೆಯ ಮತಕ್ಕೂ ಒಂದೇ ಉಚ್ಚಾರ. ಒಬ್ಬರು ರಾತ್ರಿಯಿಡೀ ಮಾತಾಡಿ ತಡೆಯಲಾಗದ್ದನ್ನು ಮಾತೇ ಬಾರದ ಇನ್ನೊಬ್ಬರು ಒಂದು ಸನ್ನೆಯಿಂದ ದಾಟಿಸಿದರು. ಅಮೆರಿಕದ ಸಂಸದೀಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗಳಿಗೆಯನ್ನು ನಾನು ಓದಿಲ್ಲ. ಬರ್ಡ್ ಅವತ್ತು ತಪ್ಪು ಪಕ್ಕದಲ್ಲಿದ್ದರು. ಮರುವರ್ಷ ಮತದಾನದ ಹಕ್ಕಿನ ಕಾಯ್ದೆಯನ್ನೂ ವಿರೋಧಿಸಿದರು. 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ನೇಮಕವನ್ನೂ ವಿರೋಧಿಸಿದರು.

ಇಂಥವರು ಡೆಮಾಕ್ರಟಿಕ್ ಪಕ್ಷದ ನಾಯಕರಾದದ್ದು ಹೇಗೆ? ಸಿದ್ಧಾಂತದಿಂದಲ್ಲ, ಚಾಕರಿಯಿಂದ. 1967ರಲ್ಲಿ ಪಕ್ಷದ ಸೆನೆಟರುಗಳ ಸಭೆಗೆ ಕಾರ್ಯದರ್ಶಿಯಾದರು. ಯಾರಿಗೂ ಬೇಡದ ಹುದ್ದೆ. ಬರ್ಡ್ ಅದನ್ನು ಕಚೇರಿಯ ಹೆಡ್ ಗುಮಾಸ್ತರಂತೆ ನಡೆಸಿದರು. ಯಾವ ಮಸೂದೆ ಯಾವಾಗ ಬರುತ್ತದೆ, ಯಾರ ವಿಮಾನ ಎಷ್ಟು ಹೊತ್ತಿಗೆ, ಯಾರ ತಿದ್ದುಪಡಿಗೆ ಎಲ್ಲಿ ಜಾಗ ಮಾಡಿಕೊಡಬೇಕು, ಎಲ್ಲವೂ ಅವರ ಬೆರಳ ತುದಿಯಲ್ಲಿ. ಉಪಕಾರ ಮಾಡಿದ ಮೇಲೆ ಧನ್ಯವಾದದ ಚೀಟಿ ಬೇರೆ. 1971ರ ಜನವರಿಯಲ್ಲಿ ಪಕ್ಷದ ಸಚೇತಕನ ಸ್ಥಾನಕ್ಕೆ ಎಡ್ವರ್ಡ್ ಕೆನಡಿ ಅವರ ವಿರುದ್ಧವೇ ನಿಂತರು. ಕೆನಡಿ ಕುಟುಂಬದ ವರ್ಚಸ್ಸು ಒಂದು ಕಡೆ, ಗಣಿಯೂರಿನ ಗುಮಾಸ್ತಗಿರಿ ಇನ್ನೊಂದು ಕಡೆ. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುತ್ತಿದ್ದ ಜಾರ್ಜಿಯಾದ ರಿಚರ್ಡ್ ರಸೆಲ್ ತಮ್ಮ ಮತವನ್ನು ಬರ್ಡ್ ಕೈಗೆ ಕೊಟ್ಟಿದ್ದರು. ರಸೆಲ್ ಇನ್ನೂ ಬದುಕಿದ್ದಾರೆಂದು ಖಚಿತಪಡಿಸಿಕೊಂಡ ನಂತರವೇ ಬರ್ಡ್ ಕಣಕ್ಕಿಳಿದರು. 31–24ರಿಂದ ಗೆದ್ದರು. ಅದೇ ದಿನ ರಸೆಲ್ ತೀರಿಕೊಂಡರು. 1977ರಲ್ಲಿ ಬರ್ಡ್ ಬಹುಮತದ ನಾಯಕರಾದರು.

ಆ ಹೊತ್ತಿಗೆ ಫಿಲಿಬಸ್ಟರ್‌ನ ರೂಪವೇ ಬದಲಾಗಿತ್ತು. 1975ರಲ್ಲಿ ಚರ್ಚೆ ನಿಲ್ಲಿಸಲು ಬೇಕಾದ ಮತಗಳನ್ನು 60ಕ್ಕೆ ಇಳಿಸಲಾಯಿತು. ಅದಕ್ಕೂ ಮುಂಚೆ, 1970ರ ದಶಕದ ಆರಂಭದಲ್ಲಿ, ಆಗಿನ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್ ಮತ್ತು ಬರ್ಡ್ ಸೇರಿ ಜೋಡಿ ಹಳಿಯ ವ್ಯವಸ್ಥೆ ತಂದಿದ್ದರು. ಒಂದು ಮಸೂದೆಗೆ ತಡೆ ಬಿದ್ದರೆ ಅದನ್ನು ಪಕ್ಕದ ಹಳಿಗೆ ಸರಿಸಿ ಉಳಿದ ಕೆಲಸ ಮುಂದುವರಿಸುವುದು. ಸದನ ಸ್ತಬ್ಧವಾಗದಿರಲಿ ಎಂಬ ಸದುದ್ದೇಶವೇ. ಆದರೆ ಪರಿಣಾಮ ತಿರುವುಮುರುವಾಯಿತು. ರಾತ್ರಿಯಿಡೀ ನಿಂತು ಗಂಟಲು ಹರಿದುಕೊಳ್ಳುವ ಕಷ್ಟವೇ ತಪ್ಪಿದ ಮೇಲೆ, ತಡೆಯುತ್ತೇನೆ ಎಂದು ಸೂಚಿಸಿದರೆ ಸಾಕಾಯಿತು. ಅಗ್ಗವಾದ ಆಯುಧವನ್ನು ಎಲ್ಲರೂ ಎತ್ತಿಕೊಂಡರು. ಸಾಮಾನ್ಯ ಮಸೂದೆಗೂ 60 ಬೇಕೆಂಬ ಇಂದಿನ ವಾಡಿಕೆಯ ಬೇರು ಇಲ್ಲಿದೆ. 43 ದಿನಗಳ ಆ ಸ್ತಬ್ಧತೆಗೆ ಬರ್ಡ್ ಅವರನ್ನು ಹೊಣೆ ಮಾಡುವುದು ಅತಿಯಾದೀತು. ಆದರೆ ನೀಲನಕ್ಷೆಯ ಮೂಲೆಯಲ್ಲಿ ಅವರ ರುಜುವೂ ಇದೆ.

ನಿಯಮದ ಕಾವಲುಗಾರರೆಂದು ಹೆಸರಾದ ಬರ್ಡ್ ನಿಯಮವನ್ನು ಬಗ್ಗಿಸಿದ್ದೂ ಕಡಿಮೆಯೇನಲ್ಲ. 1977ರಲ್ಲಿ ನೈಸರ್ಗಿಕ ಅನಿಲದ ಬೆಲೆಯ ಮಸೂದೆಗೆ ಅವರದೇ ಪಕ್ಷದ ಇಬ್ಬರು ಸೆನೆಟರುಗಳು ರಾಶಿಗಟ್ಟಲೆ ತಿದ್ದುಪಡಿ ತಂದು ಅಡ್ಡಿ ಮಾಡಿದರು. ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಅವರನ್ನು ಸಭಾಧ್ಯಕ್ಷರ ಪೀಠದಲ್ಲಿ ಕೂರಿಸಿ, ಒಂದರ ಹಿಂದೊಂದು ತಿದ್ದುಪಡಿಯನ್ನು ಕ್ರಮಬಾಹಿರವೆಂದು ಘೋಷಿಸಿ ಬದಿಗೆ ತಳ್ಳಿಸಿದವರು ಬರ್ಡ್. ಸದನದಲ್ಲಿ ಕೂಗಾಟವೆದ್ದಿತು. ಬರೆದಿಟ್ಟ ನಿಯಮವನ್ನು ಮುಟ್ಟದೆ, ಸರಳ ಬಹುಮತದ ಬಲದಿಂದ ಪೂರ್ವನಿದರ್ಶನವನ್ನು ಬದಲಿಸುವ ಕಲೆಯನ್ನು ಅವರು ಆ ಹತ್ತು ವರ್ಷಗಳಲ್ಲಿ ಹಲವು ಸಲ ತೋರಿಸಿದರು. 2013ರಲ್ಲಿ ಹ್ಯಾರಿ ರೀಡ್ ನ್ಯಾಯಾಧೀಶರ ನೇಮಕಕ್ಕೆ 60ರ ಬೇಲಿಯನ್ನು ಕಿತ್ತದ್ದು ಇದೇ ಜಾಡಿನಲ್ಲಿ. 2017ರಲ್ಲಿ ಮಿಚ್ ಮೆಕಾನೆಲ್ ಅದನ್ನು ಸುಪ್ರೀಂ ಕೋರ್ಟಿಗೂ ವಿಸ್ತರಿಸಿದ್ದು ಇದೇ ಜಾಡಿನಲ್ಲಿ. ಅಣುಬಾಂಬಿನ ಆಯ್ಕೆ ಎಂದು ಪತ್ರಿಕೆಗಳು ಕರೆಯುವುದು ಇದನ್ನೇ.

1988ರ ಫೆಬ್ರುವರಿಯ ಕಥೆಯನ್ನು ಬಿಡಲು ಮನಸ್ಸಾಗುವುದಿಲ್ಲ. ಚುನಾವಣಾ ವೆಚ್ಚದ ಸುಧಾರಣೆಯ ಮಸೂದೆಗೆ ರಿಪಬ್ಲಿಕನ್ನರು ಅಡ್ಡಗಾಲು ಹಾಕಿ, ಕೋರಂ ಆಗದಂತೆ ಸದನದಿಂದಲೇ ಮಾಯವಾದರು. ಗೈರುಹಾಜರಾದವರನ್ನು ಹಿಡಿದು ತರುವ ಅಧಿಕಾರ ನಿಯಮದಲ್ಲಿದೆ ಎಂದು ಬರ್ಡ್ ನೆನಪಿಸಿಕೊಂಡರು. ಸದನದ ಮಾರ್ಷಲ್ ನಡುರಾತ್ರಿ ಹುಡುಕಿಕೊಂಡು ಹೊರಟರು. ಆರೆಗಾನ್‌ನ ಬಾಬ್ ಪ್ಯಾಕ್‌ವುಡ್ ತಮ್ಮ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತರಿಸಿ ಒಳಗಿದ್ದರು. ಬಾಗಿಲು ತಳ್ಳಿ ಹಿಡಿದರು. ನಡೆದೇ ಬಂದ ಪ್ಯಾಕ್‌ವುಡ್ ಸದನದ ಹೊಸ್ತಿಲಲ್ಲಿ ನಿಂತು, ಒಳಗೆ ಮಾತ್ರ ಹೊತ್ತುಕೊಂಡೇ ಹೋಗಬೇಕು ಎಂದು ಹಟ ಹಿಡಿದರು. ಕಾಲು ಮುಂದಾಗಿ ಹೊತ್ತು ತಂದರು. ಕೋರಂ ಆಯಿತು, ಮಸೂದೆ ಮಾತ್ರ ಆಗಲಿಲ್ಲ. ನಿಯಮ ಬಲ್ಲವನು ಏನನ್ನು ಮಾಡಿಸಬಹುದು, ಏನನ್ನು ಮಾಡಿಸಲಾರ ಎಂಬುದಕ್ಕೆ ಆ ಒಂದು ರಾತ್ರಿ ಸಾಕು.

ಈಗ ಅವರ ಹೆಸರಿನ ನಿಯಮಕ್ಕೆ ಬರೋಣ. 1974ರ ಬಜೆಟ್ ಕಾಯ್ದೆ ರಿಕನ್ಸಿಲಿಯೇಷನ್ ಎಂಬ ಒಂದು ವಿಶೇಷ ದಾರಿಯನ್ನು ತೆರೆದಿತ್ತು. ವರಮಾನ, ವೆಚ್ಚ, ಸಾಲದ ಮಿತಿಗೆ ಸಂಬಂಧಿಸಿದ ಮಸೂದೆಗೆ ಚರ್ಚೆಯ ಅವಧಿ ನಿಗದಿ, ಫಿಲಿಬಸ್ಟರ್ ಇಲ್ಲ, 51 ಮತ ಸಾಕು. ತೆರೆದದ್ದೇ ತಡ, ಎಲ್ಲರೂ ತಮ್ಮ ಮೂಟೆಗಳನ್ನು ಇದೇ ಗಾಡಿಗೆ ಏರಿಸತೊಡಗಿದರು. ಬಜೆಟ್ಟಿಗೆ ಸಂಬಂಧವೇ ಇಲ್ಲದ ಕಾನೂನುಗಳೂ ಒಳನುಗ್ಗಿದವು. 1985ರಲ್ಲಿ ಬರ್ಡ್ ಬಾಗಿಲಲ್ಲಿ ಒಂದು ಜರಡಿ ಕಟ್ಟಿಸಿದರು. 1990ರಲ್ಲಿ ಅದು ಕಾಯಂ ಆಯಿತು. ಹಣಕಾಸಿನ ಪರಿಣಾಮವೇ ಇಲ್ಲದ, ಅಥವಾ ಹಣಕಾಸು ಕೇವಲ ನೆಪವಾಗಿರುವ ಅಂಶ ಮಸೂದೆಯಲ್ಲಿದ್ದರೆ ಯಾವ ಸೆನೆಟರಾದರೂ ಕ್ರಿಯಾಲೋಪ ಎತ್ತಬಹುದು. ಎತ್ತಿದ ಆಕ್ಷೇಪ ಸರಿಯೆಂದಾದರೆ ಆ ಅಂಶ ಬಿದ್ದುಹೋಗುತ್ತದೆ. ಉಳಿಸಿಕೊಳ್ಳಲು ಮತ್ತೆ 60 ಮತ ಬೇಕು. ಬಜೆಟ್ ಅವಧಿಯ ಆಚೆಗೂ ಕೊರತೆ ಹೆಚ್ಚಿಸುವ ಅಂಶಕ್ಕೂ ಇದೇ ಗತಿ. ಸದನದ ನಿಯಮ ತಜ್ಞರು ಮಸೂದೆಯನ್ನು ಸಾಲು ಸಾಲಾಗಿ ತೊಳೆದು ನೋಡುವ ಈ ಪ್ರಕ್ರಿಯೆಗೆ ವಾಷಿಂಗ್ಟನ್ನಿನಲ್ಲಿ ‘ಬರ್ಡ್ ಬಾತ್’ ಎನ್ನುತ್ತಾರೆ. ಹಕ್ಕಿಗಳು ಮೀಯಲು ತೋಟದಲ್ಲಿ ಇಡುವ ನೀರಿನ ತಟ್ಟೆಯ ಮೇಲಿನ ಶ್ಲೇಷೆ. ತೊಳೆದಾಗ ಉದುರಿದ್ದಕ್ಕೆ ಏನೆನ್ನುತ್ತಾರೆಂದು ಹಕ್ಕಿಗಳನ್ನು ಬಲ್ಲವರು ಊಹಿಸಿಕೊಳ್ಳಬಹುದು.

1993ರಲ್ಲಿ ಬಿಲ್ ಕ್ಲಿಂಟನ್ ತಮ್ಮ ಆರೋಗ್ಯ ವಿಮೆಯ ಯೋಜನೆಯನ್ನು ಈ 51ರ ದಾರಿಯಲ್ಲಿ ಸಾಗಿಸಲು ಬರ್ಡ್ ಅವರ ಅನುಮತಿ ಕೇಳಿದರು. ಸ್ವಪಕ್ಷದ ಅಧ್ಯಕ್ಷ, ಸ್ವಪಕ್ಷದ ಕನಸಿನ ಮಸೂದೆ. ಬರ್ಡ್ ಒಪ್ಪಲಿಲ್ಲ. ದೇಶದ ಇಷ್ಟು ದೊಡ್ಡ ವ್ಯವಸ್ಥೆಯನ್ನು ಕೆಲವೇ ಗಂಟೆಗಳ ಚರ್ಚೆಯಲ್ಲಿ ಬದಲಿಸುವುದು ಸಲ್ಲದು ಎಂದರು. ಮರುವರ್ಷ ಆ ಯೋಜನೆ ಸತ್ತಿತು. 2001ರಲ್ಲಿ ಜಾರ್ಜ್ ಬುಷ್ ತಂದ ತೆರಿಗೆ ಕಡಿತಕ್ಕೂ, 2017ರಲ್ಲಿ ಟ್ರಂಪ್ ತಂದ ವೈಯಕ್ತಿಕ ತೆರಿಗೆ ಕಡಿತಕ್ಕೂ ಕೊನೆಯ ದಿನಾಂಕ ನಮೂದಿಸಬೇಕಾಗಿ ಬಂದದ್ದು ಇದೇ ಜರಡಿಯಿಂದ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಪ್ರಸ್ತಾವ ಉದುರಿದ್ದೂ ಇದೇ ಜರಡಿಯಿಂದ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ರಿಕನ್ಸಿಲಿಯೇಷನ್ ದಾರಿ ದೂರದ ಸಂಗತಿಯಲ್ಲ. 2025ರ ಬೇಸಿಗೆಯ ಬೃಹತ್ ತೆರಿಗೆ ಮಸೂದೆಯಲ್ಲಿ, ಹೊರದೇಶಕ್ಕೆ ಕಳುಹಿಸುವ ಹಣದ ಮೇಲೆ ತೆರಿಗೆಯೊಂದು ನುಸುಳಿತ್ತು. ಮೊದಲು ಶೇ 5 ಎಂದರು, ಕೆಳಮನೆ ಶೇ 3.5 ಮಾಡಿತು, ಕೊನೆಗೆ ಶೇ 1ಕ್ಕೆ ನಿಂತಿತು. ಅದೂ ನಗದು, ಮನಿ ಆರ್ಡರ್ ಮುಂತಾದ ರೂಪದಲ್ಲಿ ಕಳುಹಿಸಿದರೆ ಮಾತ್ರ. ಅಲ್ಲಿನ ಬ್ಯಾಂಕ್ ಖಾತೆಯಿಂದ ಕಳುಹಿಸಿದರೆ ಇಲ್ಲ. ತೆರಿಗೆಯೆಂದರೆ ಅಪ್ಪಟ ವರಮಾನ, ಹಾಗಾಗಿ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಅತ್ತ, 2021ರ ನವೆಂಬರಿನಲ್ಲಿ ಕೆಳಮನೆ ಅಂಗೀಕರಿಸಿದ ಇಂಥದೇ ಒಂದು ಮಸೂದೆಯಲ್ಲಿ, ಹಿಂದಿನ ವರ್ಷಗಳಲ್ಲಿ ಬಳಕೆಯಾಗದೆ ಉಳಿದ ವಲಸೆ ವೀಸಾಗಳನ್ನು ಮರಳಿ ಬಳಸುವ ಅಂಶವಿತ್ತು. ಗ್ರೀನ್ ಕಾರ್ಡ್ ಸರದಿಯಲ್ಲಿ ವರ್ಷಗಟ್ಟಲೆ ನಿಂತ ಭಾರತೀಯರ ಕಣ್ಣು ಅದರ ಮೇಲಿತ್ತು. ಆ ಮಸೂದೆಯನ್ನು ಡಿಸೆಂಬರಿನಲ್ಲಿ ಒಂದೇ ಮಾತಿನಿಂದ ಕೊಂದವರು ಜೋ ಮ್ಯಾಂಚಿನ್, ಬರ್ಡ್ ತೆರವು ಮಾಡಿದ ಸ್ಥಾನಕ್ಕೆ ವೆಸ್ಟ್ ವರ್ಜೀನಿಯಾದಿಂದ ಆರಿಸಿಬಂದವರು. ತಿಂಗಳೊಪ್ಪತ್ತಿನಲ್ಲಿ, 2022ರ ಜನವರಿಯಲ್ಲಿ, ಮತದಾನದ ಹಕ್ಕಿನ ಮಸೂದೆಗಾಗಿ ಫಿಲಿಬಸ್ಟರ್ ಸಡಿಲಿಸುವ ಪ್ರಯತ್ನವನ್ನೂ ಮ್ಯಾಂಚಿನ್ ವಿರೋಧಿಸಿದರು. ಅವತ್ತು ಸದನದಲ್ಲಿ ಅವರು ಮೊರೆಹೊಕ್ಕದ್ದು ಬರ್ಡ್ ಅವರ ಹೆಸರಿಗೇ.

ಭಾರತದ ದಾರಿಗೆ ಬರ್ಡ್ ನೇರವಾಗಿಯೂ ಅಡ್ಡ ಬಂದದ್ದುಂಟು. 1997ರ ಜುಲೈನಲ್ಲಿ, ಕ್ಯೋಟೊ ಒಪ್ಪಂದಕ್ಕೆ ಐದು ತಿಂಗಳು ಮೊದಲು, ಬರ್ಡ್ ಮತ್ತು ಚಕ್ ಹೇಗಲ್ ತಂದ ನಿರ್ಣಯವನ್ನು ಸೆನೆಟ್ 95–0ರಿಂದ ಅಂಗೀಕರಿಸಿತು. ಅಭಿವೃದ್ಧಿಶೀಲ ದೇಶಗಳ ಇಂಗಾಲ ಹೊಗೆಗೂ ಅದೇ ಅವಧಿಯಲ್ಲಿ ಮಿತಿ ಹಾಕದ ಒಪ್ಪಂದಕ್ಕೆ ಅಮೆರಿಕ ಸಹಿ ಮಾಡಕೂಡದು ಎಂಬುದು ಅದರ ತಾತ್ಪರ್ಯ. ಭಾರತ, ಚೀನಾಗಳತ್ತ ಬೊಟ್ಟು ಮಾಡಿದ ನಿರ್ಣಯ. ಅದರ ಹಿಂದೆ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು. ಕ್ಲಿಂಟನ್ ಸರ್ಕಾರ ಕ್ಯೋಟೊಗೆ ಸಹಿ ಮಾಡಿದರೂ ಸೆನೆಟ್ ಮುಂದೆ ತರುವ ಧೈರ್ಯ ಮಾಡಲಿಲ್ಲ. ನೀವು ಮೊದಲು, ನಾವು ಆಮೇಲೆ ಎಂಬ ಹವಾಮಾನ ಸಭೆಗಳ ಜಗಳ ಇಂದಿಗೂ ಅದೇ ಗೆರೆಯ ಆಚೆ ಈಚೆ ನಡೆಯುತ್ತಿದೆ. 2000ದಲ್ಲಿ ಕೃಷಿ ಅನುದಾನದ ಮಸೂದೆಗೆ ಅವರು ಸೇರಿಸಿದ ಇನ್ನೊಂದು ತುಣುಕು ಕುತೂಹಲದ್ದು. ಹೊರದೇಶಗಳ ಅಗ್ಗದ ಸರಕಿನ ಮೇಲೆ ವಸೂಲಾದ ಸುಂಕವನ್ನು, ದೂರು ಕೊಟ್ಟ ಅಮೆರಿಕನ್ ಕಂಪನಿಗಳಿಗೇ ಹಂಚುವ ಕಾನೂನು. ದೂರು ಕೊಟ್ಟವರಿಗೇ ದಂಡದ ಹಣವೆಂದರೆ ದೂರುಗಳಿಗೆ ಬರವೇ? ಭಾರತವೂ ಸೇರಿ ಹನ್ನೊಂದು ಕಕ್ಷಿದಾರರು ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ ಗೆದ್ದರು. 2006ರಲ್ಲಿ ಅಮೆರಿಕ ಅದನ್ನು ರದ್ದು ಮಾಡಬೇಕಾಯಿತು.

ತಮ್ಮ ರಾಜ್ಯಕ್ಕೆ ಅವರು ಹಣ ತಂದ ಬಗೆಯನ್ನು ನಮ್ಮ ಓದುಗರಿಗೆ ವಿವರಿಸುವ ಅಗತ್ಯವಿಲ್ಲ. ಇಲಾಖೆಯ ಮುಖ್ಯ ಕಚೇರಿಯನ್ನು ತಮ್ಮ ಜಿಲ್ಲೆಗೆ ಎಳೆದೊಯ್ಯುವ ಮಂತ್ರಿಗಳನ್ನು ನಾವೂ ಕಂಡಿದ್ದೇವೆ. 1989ರಲ್ಲಿ ನಾಯಕತ್ವ ಬಿಟ್ಟು ಅನುದಾನ ಸಮಿತಿಯ ಅಧ್ಯಕ್ಷಗಿರಿ ಹಿಡಿದಾಗ, ಐದು ವರ್ಷಗಳಲ್ಲಿ ನೂರು ಕೋಟಿ ಡಾಲರ್ ತರುತ್ತೇನೆಂದರು. ಅದಕ್ಕಿಂತ ಬಹಳ ಬೇಗ ತಂದರು. ಎಫ್‌ಬಿಐನ ಬೆರಳಚ್ಚು ಕೇಂದ್ರ ಕ್ಲಾರ್ಕ್ಸ್‌ಬರ್ಗಿಗೆ ಬಂತು. ಸಮುದ್ರವೇ ಇಲ್ಲದ ರಾಜ್ಯಕ್ಕೆ ಕರಾವಳಿ ಪಡೆಯ ಕಚೇರಿ ಬಂತು. ಗ್ರೀನ್ ಬ್ಯಾಂಕ್‌ನ ನೂರು ಮೀಟರಿನ ರೇಡಿಯೊ ದೂರದರ್ಶಕ, ಹೆದ್ದಾರಿ, ಸೇತುವೆ, ಆಸ್ಪತ್ರೆ, ನ್ಯಾಯಾಲಯ ಎಲ್ಲಕ್ಕೂ ಅವರ ಹೆಸರು. ನಮ್ಮ ಬಡವರಿಗೆ ನಾಲ್ವರೇ ಗೆಳೆಯರು: ದೇವರು, ಸಿಯರ್ಸ್ ರೋಬಕ್ ಅಂಗಡಿ, ಕಾರ್ಟರನ ಪಿತ್ತದ ಗುಳಿಗೆ ಮತ್ತು ರಾಬರ್ಟ್ ಬರ್ಡ್ ಎಂದು ತಾವೇ ಹೇಳಿ ನಗಿಸುತ್ತಿದ್ದರು. ಆದರೆ ಲೆಕ್ಕ ಹಾಕಿದರೆ ನಗು ನಿಲ್ಲುತ್ತದೆ. ಅವರು ಸಂಸತ್ತಿಗೆ ಬಂದಾಗ ವೆಸ್ಟ್ ವರ್ಜೀನಿಯಾಕ್ಕೆ ಕೆಳಮನೆಯಲ್ಲಿ ಆರು ಸ್ಥಾನಗಳಿದ್ದವು, ಇಂದು ಎರಡು. 2010ರಿಂದ 2020ರ ನಡುವೆ ಶೇಕಡಾವಾರು ಅತಿ ಹೆಚ್ಚು ಜನ ಕಳೆದುಕೊಂಡ ರಾಜ್ಯ ಅದು. ಹೆದ್ದಾರಿಗಳು ಬಂದವು, ಜನ ಅವುಗಳ ಮೇಲೆಯೇ ಹೊರಗೆ ಹೋದರು.

ಕ್ಲಾನ್‌ನ ಕಲೆಯ ವಿಷಯಕ್ಕೆ ಮರಳದೆ ಇರಲಾಗದು. ಅವರು ಬದಲಾದರೇ? ಕ್ಷಮೆಯನ್ನಂತೂ ಸಾವಿರ ಸಲ ಕೇಳಿದ್ದೇನೆ ಎಂದಿದ್ದರು. 1983ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜನ್ಮದಿನದ ರಜೆಯ ಮಸೂದೆ ಬಂದಾಗ, ಇದಕ್ಕೆ ಮತ ಹಾಕಲೇಬೇಕಾದ ಸೆನೆಟರ್ ಯಾರಾದರೂ ಇದ್ದರೆ ಅದು ನಾನು ಎಂದು ತಮ್ಮ ಸಿಬ್ಬಂದಿಗೆ ಹೇಳಿದರಂತೆ. ಇದೇ ಕಿಂಗ್ ಅವರನ್ನು 1968ರಲ್ಲಿ, ಹತ್ಯೆಗೆ ಕೆಲವೇ ದಿನಗಳ ಮುಂಚೆ, ಸ್ವಾರ್ಥಿ ಪುಂಡನಾಯಕನೆಂದು ಸದನದಲ್ಲಿ ಹಳಿದಿದ್ದವರು ಅವರು. 1982ರಲ್ಲಿ ಹದಿಹರೆಯದ ಮೊಮ್ಮಗ ಅಪಘಾತದಲ್ಲಿ ತೀರಿಕೊಂಡ ಮೇಲೆ, ಕರಿಯ ತಂದೆತಾಯಿಗಳಿಗೂ ತಮ್ಮ ಮಕ್ಕಳು ಹೀಗೆಯೇ ಅಲ್ಲವೇ ಎಂದು ತಮಗೆ ಹೊಳೆಯಿತೆಂದು ಹೇಳಿದ್ದರು. ಅರವತ್ತು ದಾಟಿದ ಮೇಲೆ ಹೊಳೆಯಿತೇ ಎಂದು ಕೇಳಬೇಕೆನಿಸುತ್ತದೆ. 2001ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹಳೆಯ ಬೈಗುಳದ ಮಾತು ಬಾಯಿಂದ ಜಾರಿ ಮತ್ತೆ ಕ್ಷಮೆ ಕೇಳಿದರು. 2008ರಲ್ಲಿ ಅವರ ರಾಜ್ಯದ ಡೆಮಾಕ್ರಟಿಕ್ ಮತದಾರರು ಹಿಲರಿ ಕ್ಲಿಂಟನ್ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದ ಒಂದೇ ವಾರದಲ್ಲಿ ಬರ್ಡ್ ಬರಾಕ್ ಒಬಾಮ ಅವರಿಗೆ ಬೆಂಬಲ ಘೋಷಿಸಿದರು. ಮನಸ್ಸು ಬದಲಾದದ್ದು ನಿಜವೆಂದೇ ನನ್ನ ಎಣಿಕೆ. ಆದರೆ 1964ರಲ್ಲಿ ಆ ಮನಸ್ಸನ್ನು ತಡೆದು ನಿಲ್ಲಿಸಿದ್ದು ಪಶ್ಚಾತ್ತಾಪವಲ್ಲ, 71 ಮತಗಳು.

ಕುತೂಹಲವೆಂದರೆ, ಮುಪ್ಪಿನಲ್ಲಿ ಅವರು ಉದಾರವಾದಿಗಳ ಕಣ್ಮಣಿಯಾದದ್ದೂ ಅದೇ ಹಳೆಯ ಹಟದಿಂದ. 2002ರಲ್ಲಿ ಇರಾಕ್ ಯುದ್ಧಕ್ಕೆ ಅಧ್ಯಕ್ಷರಿಗೆ ಖಾಲಿ ಚೆಕ್ ಬರೆದುಕೊಡಬೇಡಿ ಎಂದು ಸದನದಲ್ಲಿ ಕಾದಾಡಿದರು. ನಿರ್ಣಯ 77–23ರಿಂದ ಗೆದ್ದಿತು. 2003ರ ಫೆಬ್ರುವರಿಯಲ್ಲಿ, ಯುದ್ಧ ಹೊಸ್ತಿಲಲ್ಲಿರುವಾಗ ಈ ಸದನ ಭಯಾನಕವಾಗಿ ಮೌನವಾಗಿದೆ ಎಂದು ಅವರು ಮಾಡಿದ ಭಾಷಣ ಇಂಟರ್ನೆಟ್ಟಿನಲ್ಲಿ ಜಗತ್ತೆಲ್ಲ ಸುತ್ತಿತು. ಯುದ್ಧ ಘೋಷಿಸುವ ಅಧಿಕಾರ ಸಂಸತ್ತಿನದು ಎಂದು ಜೇಬಿನಿಂದ ಸಂವಿಧಾನದ ಪುಟ್ಟ ಪ್ರತಿ ತೆಗೆದು ತೋರಿಸುತ್ತಿದ್ದರು. ಕರಿಯರ ಹಕ್ಕು ತಡೆಯಲು ಹೊರಟಾಗಲೂ, ಯುದ್ಧ ತಡೆಯಲು ಹೊರಟಾಗಲೂ ಅವರು ನೆಚ್ಚಿದ್ದು ಒಂದನ್ನೇ: ಬಹುಮತಕ್ಕೆ ಅವಸರವಾದಾಗ ಅದನ್ನು ನಿಲ್ಲಿಸಿ ಕೇಳುವ ಸದನದ ಅಧಿಕಾರ. ಇದರಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಬಿಡುವ ನಿಯಮವನ್ನು ಯಾರೂ ಇನ್ನೂ ಬರೆದಿಲ್ಲ. ಫಿಲಿಬಸ್ಟರ್ ಬೇಕೆನ್ನುವವರೂ ಬೇಡವೆನ್ನುವವರೂ ಬರ್ಡ್ ಅವರ ಬದುಕಿನಿಂದಲೇ ಉದಾಹರಣೆ ಹೆಕ್ಕುವುದು ಇದಕ್ಕೇ.

2009ರ ಡಿಸೆಂಬರ್ 24ರ ಮುಂಜಾವು, 92 ವರ್ಷದ ಬರ್ಡ್ ಅವರನ್ನು ಗಾಲಿಕುರ್ಚಿಯಲ್ಲಿ ಸದನಕ್ಕೆ ಕರೆತಂದರು. ಒಬಾಮ ಅವರ ಆರೋಗ್ಯ ವಿಮೆಯ ಮಸೂದೆಗೆ ಸರಿಯಾಗಿ 60 ಮತಗಳಿದ್ದವು, ಹಿಂದಿನ ದಿನಗಳಲ್ಲಿ ಚರ್ಚೆ ನಿಲ್ಲಿಸುವಾಗ ಒಂದೂ ತಪ್ಪುವಂತಿರಲಿಲ್ಲ. ಹೆಸರು ಕರೆದಾಗ, ಇದು ನನ್ನ ಗೆಳೆಯ ಟೆಡ್ ಕೆನಡಿಗಾಗಿ ಎಂದು ಕೂಗಿ ಒಪ್ಪಿಗೆ ಹೇಳಿದರು. 1971ರಲ್ಲಿ ತಾವು ಸೋಲಿಸಿದ ಅದೇ ಕೆನಡಿ, ನಾಲ್ಕು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಮರುವರ್ಷದ ಮೇ ತಿಂಗಳಲ್ಲಿ, ಸಾವಿಗೆ ಆರು ವಾರವೂ ಇಲ್ಲದಿರುವಾಗ, ಫಿಲಿಬಸ್ಟರ್ ಕುರಿತ ವಿಚಾರಣೆಗೆ ಹಾಜರಾಗಿ ಅದನ್ನು ತೆಗೆಯಬೇಡಿ ಎಂದು ತಮ್ಮದೇ ಪಕ್ಷದ ಕಿರಿಯರನ್ನು ಎಚ್ಚರಿಸಿದರು.

2010ರ ಜುಲೈ 1ರಂದು ಅವರ ಶವಪೆಟ್ಟಿಗೆಯನ್ನು ಸೆನೆಟ್ ಸದನದ ಒಳಗೇ ಅಂತಿಮ ದರ್ಶನಕ್ಕೆ ಇಟ್ಟರು. 1959ರ ಬಳಿಕ ಯಾರಿಗೂ ಆ ಗೌರವ ಸಂದಿರಲಿಲ್ಲ.

ಸರಿಯಾಗಿ ಹದಿನೈದು ವರ್ಷಗಳ ನಂತರ, 2025ರ ಜುಲೈ 1ರಂದು, ಅದೇ ಸದನದಲ್ಲಿ ಟ್ರಂಪ್ ಅವರ ಬೃಹತ್ ತೆರಿಗೆ ಮಸೂದೆಯ ಮೇಲೆ ಮತದಾನ ನಡೆಯಿತು. ಹಿಂದಿನ ದಿನಗಳಲ್ಲಿಯೇ ನಿಯಮ ತಜ್ಞೆ ಎಲಿಜಬೆತ್ ಮ್ಯಾಕ್‌ಡೊನೊ ಬಂದೂಕಿನ ಸೈಲೆನ್ಸರ್‌ಗಳ ನೋಂದಣಿ ತೆಗೆಯುವುದೂ ಸೇರಿ ಹಲವು ಅಂಶಗಳಿಗೆ ಬರ್ಡ್ ನಿಯಮ ತೋರಿಸಿದ್ದರು. ರಿಪಬ್ಲಿಕನ್ನರು ಸುಮ್ಮನಿರಲಿಲ್ಲ. ತೆರಿಗೆ ಕಡಿತ ಶಾಶ್ವತವಾದರೂ ಕೊರತೆ ಹೆಚ್ಚುವುದಿಲ್ಲವೆಂದು ತೋರಿಸುವ ಹೊಸ ಲೆಕ್ಕದ ಪದ್ಧತಿಯನ್ನೇ ತಂದು ಜರಡಿಯ ಕಣ್ಣನ್ನು ಹಿಗ್ಗಿಸಿದರು. ಬರ್ಡ್ ಬದುಕಿದ್ದರೆ ಸಿಟ್ಟಾಗುತ್ತಿದ್ದರು, ಒಳಗೊಳಗೇ ತಲೆದೂಗಿಯೂ ಇರುತ್ತಿದ್ದರೇನೋ. ಮತಗಳು ಸಮನಾದವು, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ತಮ್ಮ ಮತ ಹಾಕಿ 51–50ರಿಂದ ಗೆಲ್ಲಿಸಿದರು. ಅದಕ್ಕೆ ಸ್ವಲ್ಪ ಮೊದಲು ಡೆಮಾಕ್ರಟಿಕ್ ನಾಯಕ ಚಕ್ ಶೂಮರ್ ಎದ್ದು ಒಂದು ಕ್ರಿಯಾಲೋಪ ಎತ್ತಿದ್ದರು. ‘ಒಂದು ದೊಡ್ಡ ಸುಂದರ ಮಸೂದೆ’ ಎಂಬ, ಟ್ರಂಪ್ ಮೆಚ್ಚಿ ಇಟ್ಟ ಶೀರ್ಷಿಕೆಗೆ ವರಮಾನವೂ ಇಲ್ಲ, ವೆಚ್ಚವೂ ಇಲ್ಲ ಎಂದು. ಸಭಾಧ್ಯಕ್ಷರ ಪೀಠ ಆಕ್ಷೇಪವನ್ನು ಎತ್ತಿಹಿಡಿಯಿತು. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ ಆ ಹೆಸರು ಇಲ್ಲ.